ಪ್ಲಗ್ ಕಿತ್ತಿಟ್ಟ ಕಂಪ್ಯೂಟರ್‌ಗೂ ಸಮಯ ತಿಳಿದಿರುವುದು ಹೇಗೆ?

ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಸದಾ ನಡೆಯುವ ಪುಟ್ಟದೊಂದು ಗಡಿಯಾರದ ಸರ್ಕ್ಯೂಟ್ ಇರುತ್ತದೆ. ಕರೆಂಟ್ ಇಲ್ಲದಾಗ ಅದನ್ನು ನಡೆಸುವುದು ನಾಣ್ಯದಾಕಾರದ 3 ವೋಲ್ಟ್ ಲಿಥಿಯಂ ಸೆಲ್. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032.

ಕಾಲವನ್ನು ಅಳೆಯುವುದು ಮಾತ್ರ ಕ್ವಾರ್ಟ್ಜ್ ಹರಳು. ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಒತ್ತಡದಿಂದ ವಿದ್ಯುತ್ ಹುಟ್ಟುವುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು. ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಈ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯ ಆಯ್ಕೆ ನಿಜಕ್ಕೂ ಸೊಗಸಾದದ್ದು: ಅದನ್ನು 15 ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ಸರಿಯಾಗಿ 1. ಹೀಗೆ ಅರ್ಧ ಮಾಡುವುದು ಡಿಜಿಟಲ್ ಸರ್ಕ್ಯೂಟಿಗೆ ಅತಿ ಸುಲಭದ ಕೆಲಸ. ಬಹುಪಾಲು ಕ್ವಾರ್ಟ್ಜ್ ಕೈಗಡಿಯಾರಗಳಲ್ಲೂ ಇಂಥದೇ ಹರಳು.

ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಿಂದ ಬಿಸಿ ಏರಿದರೂ, ಚಳಿ ಹೆಚ್ಚಿದರೂ ಹರಳು ನಿಧಾನವಾಗುತ್ತದೆ. ದಿನಕ್ಕೆ ಒಂದೆರಡು ಸೆಕೆಂಡಿನ ಈ ತಪ್ಪನ್ನು ಕಂಪ್ಯೂಟರ್ ಇಂಟರ್ನೆಟ್ ಸಿಕ್ಕಾಗ ತಿದ್ದಿಕೊಳ್ಳುತ್ತದೆ.

ಸೆಲ್ ಮುಗಿದರೆ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಜಾರುತ್ತದೆ. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದೇ ಬ್ರೌಸರ್ ಭಾವಿಸಿ ಎಚ್ಚರಿಕೆ ಕೊಡುತ್ತದೆ. ಅನೇಕರು ಇದನ್ನು ವೈರಸ್ ಎಂದುಕೊಂಡು ಹೆದರುತ್ತಾರೆ. ಡೆಸ್ಕ್‌ಟಾಪ್‌ನಲ್ಲಾದರೆ ಪ್ಲಗ್ ಕಿತ್ತು, ಸೆಲ್ ಬದಲಿಸಿ, ಸಮಯ ಹೊಂದಿಸಿದರೆ ಸಾಕು.

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಈ ಗಡಿಯಾರವೇ ಇಲ್ಲ. ಹವ್ಯಾಸಿಗಳು ಅದಕ್ಕೆ ಡಿಎಸ್3231 ಎಂಬ ಗಡಿಯಾರದ ಚಿಪ್ ಇರುವ ಮಾಡ್ಯೂಲ್ ಜೋಡಿಸುತ್ತಾರೆ. ತಾಪಮಾನ ಅಳೆದು ಹರಳನ್ನು ತಿದ್ದುವ ಈ ಚಿಪ್, ಸಾಮಾನ್ಯ ಹವೆಯಲ್ಲಿ ವರ್ಷಕ್ಕೆ ತಪ್ಪುವುದು ಹೆಚ್ಚೆಂದರೆ ಸುಮಾರು ಒಂದು ನಿಮಿಷ.