ವಿದ್ಯುತ್ ಬೈಕಿನ ಬ್ಯಾಟರಿ: ಅದನ್ನು ಚಾರ್ಜು ಮಾಡುವ ಕ್ರಮವೂ ರಕ್ಷಣೆಯೂ

ಕೆರೆಯ ಸುತ್ತಲೂ ಬಡಾವಣೆಗಳು ಬೆಳೆದುನಿಂತಿರುವ ಅಬ್ಬಿಗೆರೆಯಿಂದ ಯಶವಂತಪುರವು ಹತ್ತು ಕಿಲೋಮೀಟರಿಗೆ ಮೀರದ ದೂರದಲ್ಲಿದೆ. ಹಾಲು, ಸೊಪ್ಪು, ಹೂವುಗಳನ್ನು ಸಾಗಿಸುವವರಿಗೆ ಇಷ್ಟು ದೂರಕ್ಕೆ ವಿದ್ಯುತ್ ಬೈಕು ತಕ್ಕ ವಾಹನವೇ ಸರಿ. ಆದರೆ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೆಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರತಕ್ಕದ್ದು. ಎತ್ತನ್ನು ಕೊಂಡ ರೈತನು ಅದರ ಮೇವು ನೀರುಗಳ ಹೊತ್ತನ್ನು ತಪ್ಪಿಸುವುದಿಲ್ಲ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಈ ಎಚ್ಚರವು ಅನೇಕರಲ್ಲಿ ಕಾಣದು.

ಈ ಬ್ಯಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. 1859ರಲ್ಲಿ ಫ್ರಾನ್ಸಿನ ಪ್ಲಾಂತೆಯು ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯು ಒಂದು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಬ್ಯಾಟರಿಯು ಇನ್ನೊಂದು. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಹಿತವಲ್ಲ. ಸೀಸದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿ ಇಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕುಳಿತು, ಮುಂದೆ ಎಷ್ಟು ಚಾರ್ಜು ಮಾಡಿದರೂ ಹಿಂದಿನ ಶಕ್ತಿ ಬಾರದು. ಆದಕಾರಣ ಪ್ರತಿದಿನವೂ ಕೆಲಸ ಮುಗಿದೊಡನೆ ಅದನ್ನು ಪೂರ್ತಿ ತುಂಬತಕ್ಕದ್ದು. ನೀರು ಹಾಕುವ ಮಾದರಿಯಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆ ಬಾವಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಮುಚ್ಚಿದ ಮಾದರಿಯನ್ನು ತೆರೆಯಲೇ ಕೂಡದು.

ಲಿಥಿಯಂ ಬ್ಯಾಟರಿಗೆ ದಿನವೂ ಪೂರ್ತಿ ತುಂಬಿಸುವ ಅವಶ್ಯವಿಲ್ಲ. ನೂರಕ್ಕೆ 20ಕ್ಕಿಂತ ಕೆಳಗಿಳಿಯದಂತೆ, 80ರ ಆಸುಪಾಸಿನಲ್ಲಿ ನಿಲ್ಲಿಸಿ ನಡೆಸಿದರೆ ಅದರ ಆಯುಸ್ಸು ಹೆಚ್ಚುವುದು. ದೂರದ ಪ್ರಯಾಣವಿದ್ದ ದಿನ ಪೂರ್ತಿ ತುಂಬಬಹುದು. ತಿಂಗಳುಗಟ್ಟಲೆ ಉಪಯೋಗವಿಲ್ಲದಿದ್ದರೆ ಅರ್ಧದಷ್ಟು ತುಂಬಿ ತಂಪಾದ ಸ್ಥಳದಲ್ಲಿಟ್ಟು, ಆಗಾಗ್ಗೆ ಪರೀಕ್ಷಿಸಬೇಕು. ಇದರ ದೊಡ್ಡ ಶತ್ರು ಶಾಖ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಭಾರ ಹೊತ್ತು ಬಂದ ಗಾಡಿಯನ್ನು ಕೂಡಲೇ ಚಾರ್ಜಿಗೆ ಹಾಕದೆ, ಅರ್ಧ ಗಂಟೆಯಾದರೂ ನೆರಳಿನಲ್ಲಿ ಆರಲು ಬಿಡುವುದು ಒಳ್ಳೆಯದು.

ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಚ್ಚುವುದು ಅಪಾಯಕರ. ತಯಾರಕರು ಕೊಟ್ಟ ಚಾರ್ಜರನ್ನೇ ಬಳಸಬೇಕು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು ಪ್ರಾಣಹಾನಿಯೂ ಆದ ಮೇಲೆ, ಕೇಂದ್ರ ಸರ್ಕಾರವು ಆ ವರ್ಷದ ಡಿಸೆಂಬರಿನಿಂದ ಬ್ಯಾಟರಿಗಳ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ನಿಯಮವೆಷ್ಟೇ ಬಿಗಿಯಾಗಲಿ, ಮಲಗುವ ಕೋಣೆಯಲ್ಲಿಯೂ, ಹೊರಬರುವ ಬಾಗಿಲಿಗೆ ಅಡ್ಡವಾಗಿಯೂ, ಹುಲ್ಲಿನ ಬಣವೆಯ ಪಕ್ಕದಲ್ಲಿಯೂ ರಾತ್ರಿಯೆಲ್ಲ ಚಾರ್ಜಿಗೆ ಇಡಕೂಡದು. ಉಬ್ಬಿದ, ಒಡೆದ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಉಪಯೋಗಿಸದೆ ಮಾರಾಟಗಾರರಿಗೆ ತೋರಿಸಬೇಕು.

ಖರ್ಚಿನ ಮಾತಾದರೆ, 48 ವೋಲ್ಟು 30 ಆಂಪಿಯರ್–ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು ಒಂದೂವರೆ ಯೂನಿಟ್ಟಿಗೂ ತುಸು ಕಡಿಮೆ. ಇಷ್ಟು ಅಲ್ಪಕ್ಕಾಗಿ ಪಂಪುಸೆಟ್ಟಿನ ತಂತಿಯಿಂದ ಸಂಪರ್ಕ ಎಳೆಯುವುದು ಸಲ್ಲದು. ಆ ವಿದ್ಯುತ್ತು ನೀರಾವರಿಗೆಂದು ಕೊಟ್ಟುದು. ಮೇಲಾಗಿ ಅದರ ವೋಲ್ಟೇಜಿನ ಏರಿಳಿತವು ಚಾರ್ಜರನ್ನೇ ಸುಡಬಹುದು. ಮನೆಯಲ್ಲಿ ಭೂಸಂಪರ್ಕವುಳ್ಳ ಮೂರು ಪಿನ್ನಿನ ಸಾಕೆಟ್ಟು ಸಾಕು.

ಹಳೆಯ ಸೀಸದ ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿಯೋ ಕೆರೆಯ ಅಂಚಿನಲ್ಲಿಯೋ ಎಸೆಯುವ ರೂಢಿಯು ಬಹಳ ಕೆಟ್ಟದ್ದು. ದನಗಳು, ಅದರಲ್ಲಿಯೂ ಕರುಗಳು, ಒಡೆದ ಫಲಕಗಳನ್ನು ನೆಕ್ಕುವುದುಂಟು. ಸೀಸದ ವಿಷವೇರಿದ ಕರುವು ಕಣ್ಣು ಕಾಣದೆ, ಹಲ್ಲು ಕಡಿಯುತ್ತ, ಸೆಳೆತಗಳಿಂದ ಸಾಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯು ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಪ್ಪಿಸಿ ಬೆಲೆಯಲ್ಲಿ ಕಳೆಯಲು ಕೇಳಬಹುದು.