ಗಾಲಾ ಹಿಡಿಯುವ ಮುನ್ನ

ಕಲ್ಯಾಣವನ್ನು ದಾಟಿ ಕರ್ಜತ್ ಕಡೆಗೆ ಹೊರಳುವ ಲೋಕಲ್ ಗಾಡಿಯು ವಿಠಲವಾಡಿಯನ್ನು ಬಿಟ್ಟೊಡನೆ ಉಲ್ಹಾಸನಗರವನ್ನು ಸೇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಬಿಡಾರವಾಗಿದ್ದ ಈ ಸ್ಥಳದಲ್ಲಿ ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಉಟ್ಟ ಬಟ್ಟೆಯಲ್ಲಿ ಬಂದ ನಿರಾಶ್ರಿತರು ನೆಲೆನಿಂತರು. 1949ರಲ್ಲಿ ಇದಕ್ಕೆ ಉಲ್ಹಾಸ ನದಿಯ ಹೆಸರನ್ನಿಡಲಾಯಿತು. ಇಂದಿಗೂ ಇಲ್ಲಿಯ ವಿಳಾಸಗಳು ಒಂದನೆಯ ಕ್ಯಾಂಪು, ಐದನೆಯ ಕ್ಯಾಂಪು ಎಂದೇ ಆರಂಭವಾಗುತ್ತವೆ. ಏನೂ ಇಲ್ಲದೆ ಬಂದವರು ಏನನ್ನು ಬೇಕಾದರೂ ಮಾಡಬಲ್ಲವರಾದರು. ಇಲ್ಲಿಯ ಸರಕಿನ ಮೇಲೆ ಅಚ್ಚಾಗುತ್ತಿದ್ದ ‘ಯು.ಎಸ್.ಎ.’ ಎಂಬ ಮೂರಕ್ಷರಗಳಿಗೆ ‘ಉಲ್ಹಾಸನಗರ ಸಿಂಧಿ ಅಸೋಸಿಯೇಶನ್’ ಎಂದು ಅರ್ಥ ಹೇಳುವ ವಿನೋದವನ್ನು ಮುಂಬಯಿಯಲ್ಲಿ ಕೇಳದವರಿಲ್ಲ.

ಇಂಥ ಊರಿನಲ್ಲಿ ತಗಡು ಕತ್ತರಿಸುವವನೂ ಬೆಸುಗೆ ಹಾಕುವವನೂ ಮೋಟಾರು ಜೋಡಿಸುವವನೂ ಒಂದೇ ಗಲ್ಲಿಯಲ್ಲಿ ದೊರಕುತ್ತಾರೆ. ಆದುದರಿಂದಲೇ ಯಂತ್ರದ ಕನಸು ಕಂಡ ನಮ್ಮವರೂ ಆಗಾಗ ಅತ್ತ ಹೆಜ್ಜೆ ಹಾಕುವುದುಂಟು. ಇತ್ತೀಚೆಗೆ ಅಂಥ ಇಬ್ಬರು ನಮ್ಮಲ್ಲಿಗೆ ಬಂದಿದ್ದರು. ಒಬ್ಬರು ಕಲ್ಯಾಣದ ಹೊಟೇಲೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕಾವಲಿಯ ಮುಂದೆ ನಿಂತ ಅಡುಗೆಭಟ್ಟರು. ಇನ್ನೊಬ್ಬರು ಅವರ ಅಕ್ಕನ ಮಗ, ಡೊಂಬಿವಲಿಯಲ್ಲಿ ವಾಸಿಸಿ ಕೋಟೆಯ ಕಡೆಯ ಕಂಪನಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ಯುವಕ. ಹಿಟ್ಟನ್ನು ತಾನೇ ಸುರಿದು, ತಾನೇ ಹರಡಿ, ಬೆಂದ ಮೇಲೆ ಸುರುಳಿ ಸುತ್ತಿ ಕೊಡುವ ದೋಸೆಯ ಯಂತ್ರವೊಂದು ಭಟ್ಟರ ಮನಸ್ಸಿನಲ್ಲಿ ಹತ್ತು ವರ್ಷಗಳಿಂದ ತಿರುಗುತ್ತಿತ್ತು. ಊರಿನ ಮನೆಯ ಮಾಡು ಸರಿಪಡಿಸಲೆಂದು ಕೂಡಿಟ್ಟ ಹಣ, ಸೋದರಳಿಯನ ಪ್ರಾವಿಡೆಂಟ್ ಫಂಡಿನಿಂದ ತೆಗೆಯಬಹುದಾದ ಹಣ, ಇವೆರಡನ್ನು ಸೇರಿಸಿ ಉಲ್ಹಾಸನಗರದಲ್ಲಿ ಒಂದು ಗಾಲಾ ಹಿಡಿಯುವುದೆಂದು ನಿಶ್ಚಯಿಸಿ ಸ್ವಲ್ಪ ಟೋಕನನ್ನೂ ಕೊಟ್ಟು ಬಂದಿದ್ದರು. ಏಜೆಂಟನೊಬ್ಬನು ಒಂದು ತಿಂಗಳೊಳಗೆ ಪೇಟೆಂಟು ಕೈಗೆ ಕೊಡುವುದಾಗಿ ಹೇಳಿ ಮುಂಗಡ ಕೇಳಿದ್ದನು.

“ಇನ್ನೊಬ್ಬರು ಮಾಡಿದ್ದಾರೋ ಎಂದು ನೋಡಿದಿರಾ?” ಎಂದು ನಾವು ಕೇಳಿದೆವು. ಭಟ್ಟರು ಸೋದರಳಿಯನ ಮುಖ ನೋಡಿದರು. “ನೀವು ಯಾರಿಗೂ ಹೇಳಬಾರದೆಂದಿರಲ್ಲ ಮಾವ, ಅದಕ್ಕೇ ನಾನು ಯಾರಲ್ಲೂ ವಿಚಾರಿಸಲಿಲ್ಲ” ಎಂದನು ಅವನು.

ಯಾರಿಗೂ ಹೇಳಬಾರದೆಂಬುದು ಸರಿಯೇ. ಅರ್ಜಿ ಹಾಕುವ ಮೊದಲೇ ಯಂತ್ರವನ್ನು ಹತ್ತು ಜನರ ಮುಂದೆ ನಡೆಸಿ ತೋರಿಸಿದರೆ ಅದು ಹೊಸತೆಂಬ ಹಕ್ಕು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಆದರೆ ತಾನು ಹೇಳದಿರುವುದು ಬೇರೆ, ಇತರರು ಹೇಳಿದ್ದನ್ನು ಓದದಿರುವುದು ಬೇರೆ. ಪೇಟೆಂಟು ಎಂಬುದು ಗುಟ್ಟಿನ ಪೆಟ್ಟಿಗೆಯಲ್ಲ, ಸರಕಾರದೊಡನೆ ಮಾಡಿಕೊಂಡ ಒಂದು ಕರಾರು. ಯಂತ್ರದ ಒಳಗುಟ್ಟನ್ನು ಇತರರು ನೋಡಿ ಮಾಡಬಹುದಾದಷ್ಟು ಬಿಚ್ಚಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷ ಅದನ್ನು ಇತರರು ಮಾಡದಂತೆ ಹಾಗೂ ಮಾರದಂತೆ ತಡೆಯುವ ಹಕ್ಕು ದೊರೆಯುತ್ತದೆ. ಹೀಗೆ ಬರೆದುಕೊಟ್ಟ ಲಕ್ಷೋಪಲಕ್ಷ ಕಾಗದಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ.

ನಮ್ಮ ದೇಶದಲ್ಲಿ ಈ ಪದ್ಧತಿಯು 1856ರ ಕಾಯಿದೆಯಿಂದ ಮೊದಲಾಯಿತು. ಆ ವರ್ಷದ ಮಾರ್ಚ್ 3ರಂದು ಕಲಕತ್ತೆಯ ಡಿಪೆನಿಂಗ್ ಎಂಬ ಇಂಜಿನಿಯರನು ಸಲ್ಲಿಸಿದ ಮೊಟ್ಟಮೊದಲನೆಯ ಅರ್ಜಿಯು ಪಂಖಾ ಎಳೆಯುವ ಯಂತ್ರದ್ದಾಗಿತ್ತು! ಸಾಹೇಬರ ನೆತ್ತಿಯ ಮೇಲಿನ ಬೀಸಣಿಗೆಯನ್ನು ದಿನವಿಡೀ ಎಳೆಯುತ್ತಿದ್ದ ಆಳಿನ ಕೆಲಸವನ್ನು ಯಂತ್ರಕ್ಕೆ ವಹಿಸುವ ಯೋಚನೆ ಅದು. ಕಾವಲಿಯ ಬೇಗೆಯಲ್ಲಿ ನಿಂತ ನಮ್ಮ ಭಟ್ಟರ ಯೋಚನೆಯೂ ಅದೇ ಕುಲದ್ದೆನ್ನಬೇಕು. ಈಗ ನಡೆಯುತ್ತಿರುವುದು 1972ರ ಏಪ್ರಿಲ್ 20ರಂದು ಜಾರಿಗೆ ಬಂದ 1970ರ ಕಾಯಿದೆ. ಮಹಾರಾಷ್ಟ್ರದವರ ಅರ್ಜಿಗಳನ್ನು ನೋಡುವ ಮುಂಬಯಿಯ ಕಚೇರಿಯು ಆಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನದಲ್ಲಿದೆ. ಹುಡುಕಾಟಕ್ಕಾಗಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಇಂಟರ್‌ನೆಟ್ಟಿನಲ್ಲಿ ಸರಕಾರದ ಹುಡುಕುಪುಟವು ಒಂದು ಕಾಸೂ ಇಲ್ಲದೆ ದೊರೆಯುತ್ತದೆ. ಯುರೋಪಿನ ಪೇಟೆಂಟ್ ಕಚೇರಿಯು ನಡೆಸುವ ಎಸ್ಪಾಸೆನೆಟ್ ಎಂಬ ಭಂಡಾರದಲ್ಲಿ ಅನೇಕ ದೇಶಗಳ ಕಾಗದಗಳು ಒಟ್ಟಿಗೆ ಸಿಗುತ್ತವೆ.

ಸೋದರಳಿಯನು ನಮ್ಮೆದುರಿಗೇ ‘ದೋಸಾ’ ಎಂದು ಬರೆದು ಹುಡುಕಿದನು. ಕೆಲವೇ ಕಾಗದಗಳು ಬಂದವು. ಭಟ್ಟರ ಮುಖ ಅರಳಿತು. ಇಲ್ಲಿಯೇ ಬಹಳ ಮಂದಿ ಎಡವುವುದು. ಪೇಟೆಂಟು ಬರೆಯುವವರು ತಿಂಡಿಯ ಹೆಸರನ್ನು ಹೇಳುವುದು ಕಡಮೆ; ‘ನೀರಾದ ಹಿಟ್ಟನ್ನು ಬಿಸಿ ಹಲಗೆಯ ಮೇಲೆ ಸುರಿದು ಹರಡುವ ಸಾಧನ’ ಎಂದು ಸುತ್ತಿ ಬಳಸಿ ಬರೆಯುತ್ತಾರೆ. ಫ್ರಾನ್ಸ್ ದೇಶದವರ ಕ್ರೇಪ್ ಎಂಬ ತಿಂಡಿಯು ನಮ್ಮ ಸಾದಾ ದೋಸೆಯ ದಾಯಾದಿ. ಅಮೆರಿಕೆಯವರ ಪ್ಯಾನ್‌ಕೇಕು ಸೆಟ್ ದೋಸೆಯ ದಾಯಾದಿ. ಅವರೂ ಯಂತ್ರ ಕಟ್ಟಿರುವರಷ್ಟೆ. ಇದಕ್ಕೆ ಉಪಾಯವೆಂದರೆ ಹೆಸರಿನ ಬದಲು ವರ್ಗದ ಗುರುತಿನಿಂದ ಹುಡುಕುವುದು. ಜಗತ್ತಿನ ಪೇಟೆಂಟುಗಳನ್ನೆಲ್ಲ ವರ್ಗ ವರ್ಗವಾಗಿ ವಿಂಗಡಿಸಿ ಗುರುತು ಕೊಟ್ಟಿದ್ದಾರೆ. ಅಡುಗೆಮನೆಯ ಸಾಧನಗಳಿಗೆ ‘ಎ 47 ಜೆ’, ಹಿಟ್ಟನ್ನು ಸಂಸ್ಕರಿಸುವ ಯಂತ್ರಗಳಿಗೆ ‘ಎ 21 ಸಿ’. ಆ ಗುರುತು ಹಾಕಿದೊಡನೆ ಕಾಗದಗಳ ಪ್ರವಾಹವೇ ಬಂದಿತು. ಭಟ್ಟರು ಬೆವರು ಒರೆಸಿಕೊಂಡರು.

ಯಂತ್ರಗಳು ಕಾಗದದ ಮೇಲಷ್ಟೇ ಇರಲಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು 1950ರಲ್ಲಿ ಸ್ಥಾಪಿತವಾದುದು. ಚಪಾತಿ, ದೋಸೆ ಮುಂತಾದ ನಮ್ಮ ತಿಂಡಿಗಳಿಗೆ ಯಂತ್ರ ರೂಪಿಸಿ, ಶುಲ್ಕ ತೆಗೆದುಕೊಂಡು ಉದ್ಯಮಿಗಳಿಗೆ ಆ ವಿಧಾನವನ್ನು ಒಪ್ಪಿಸಿಕೊಡುವ ಕೆಲಸವನ್ನು ಅದು ಮಾಡುತ್ತದೆ. 2010ರ ದಶಕದಲ್ಲಿ ಬೆಂಗಳೂರಿನ ಮುಕುಂದ ಫುಡ್ಸ್ ಎಂಬ ಸಂಸ್ಥೆಯು ‘ದೋಸಾಮ್ಯಾಟಿಕ್’ ಎಂಬ ಯಂತ್ರವನ್ನು ಮಾರುಕಟ್ಟೆಗೇ ತಂದಿತು. ಹತ್ತು ವರ್ಷ ಮನಸ್ಸಿನಲ್ಲಿ ಸಾಕಿದ ಕೂಸು ಪರರ ಮನೆಯಲ್ಲಿ ಆಗಲೇ ಓಡಾಡುತ್ತಿರುವುದನ್ನು ಕಂಡಂತಾಯಿತು ಭಟ್ಟರಿಗೆ. ಅವರು ಆ ದಿನ ಚಹವನ್ನೂ ಮುಟ್ಟಲಿಲ್ಲ.

ಆದರೆ ಆಟ ಅಲ್ಲಿಗೆ ಮುಗಿಯುವುದಿಲ್ಲ. ಪೇಟೆಂಟು ಕಾಗದದಲ್ಲಿ ನೋಡಬೇಕಾದುದು ತಲೆಬರಹವನ್ನಲ್ಲ, ಕೊನೆಯಲ್ಲಿ ಅಂಕಿ ಹಾಕಿ ಬರೆದ ‘ಕ್ಲೇಮು’ಗಳನ್ನು. ಊರಿನಲ್ಲಿ ಜಮೀನಿನ ಪತ್ರ ಓದಿದವರಿಗೆ ಇದು ಹೊಸತಲ್ಲ. ಹೊಲದ ಹೆಸರು ಏನೇ ಇರಲಿ, ಚಕ್ಕುಬಂದಿಯೊಳಗೆ ಬಂದುದಷ್ಟೇ ಒಡೆಯನದು. ಹಾಗೆಯೇ ಕ್ಲೇಮಿನ ಗಡಿಯ ಹೊರಗೆ ಇರುವುದನ್ನು ಆ ಪೇಟೆಂಟಿನಿಂದ ತಡೆಯಲಾಗದು. ಎರಡನೆಯದಾಗಿ, ಪೇಟೆಂಟಿಗೆ ದೇಶದ ಗಡಿಯೂ ಉಂಟು. ಫ್ರಾನ್ಸಿನಲ್ಲಿ ಮಾತ್ರ ಪಡೆದ ಹಕ್ಕು ಉಲ್ಹಾಸನಗರದಲ್ಲಿ ನಡೆಯದು. ಮೂರನೆಯ ವರ್ಷದಿಂದ ಕಾಲಕಾಲಕ್ಕೆ ಕಟ್ಟಬೇಕಾದ ಶುಲ್ಕವನ್ನು ನಿಲ್ಲಿಸಿದವರ ಹಕ್ಕೂ ಬಿದ್ದುಹೋಗುತ್ತದೆ. ಬಿದ್ದ ದಿನದಿಂದ 18 ತಿಂಗಳೊಳಗೆ ಅದನ್ನು ಮತ್ತೆ ಎಬ್ಬಿಸಲು ಅರ್ಜಿ ಹಾಕಬಹುದು, ಆ ಬಳಿಕ ಇಲ್ಲ. 20 ವರ್ಷ ಕಳೆದುದಂತೂ ಸರ್ವರ ಸ್ವತ್ತು. ಎಷ್ಟೋ ದೊಡ್ಡ ಇಂಜಿನಿಯರರು ಲೆಕ್ಕ ಹಾಕಿ ಚಿತ್ರ ಬರೆದಿಟ್ಟ ವಿಧಾನಗಳು ಹೀಗೆ ಯಾರಿಗೂ ಬಾಡಿಗೆ ಕೊಡದೆ ಬಳಸುವಂತೆ ಬಿದ್ದಿವೆ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ನಮ್ಮವರಿಗೆ ಇದಕ್ಕಿಂತ ಅಗ್ಗದ ಗ್ರಂಥಾಲಯವು ಬೇರೆಲ್ಲಿ ದೊರೆಯಬೇಕು?

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ, ‘ಹುಡುಕಿದೆವು, ಸಿಗಲಿಲ್ಲ’ ಎಂಬುದು ‘ಇಲ್ಲ’ ಎಂಬುದಕ್ಕೆ ಸಮನಲ್ಲ. ಕಳೆದ ವರ್ಷ ಯಾರಾದರೂ ಹಾಕಿದ್ದರೆ ಅದು ಇನ್ನೂ ಕತ್ತಲೆಯಲ್ಲಿಯೇ ಇರುವುದು.

ಏಜೆಂಟನ ‘ಒಂದು ತಿಂಗಳ ಪೇಟೆಂಟಿ’ನ ವಿಚಾರಕ್ಕೆ ಬರೋಣ. ಅರ್ಜಿ ಕೊಟ್ಟೊಡನೆ ಒಂದು ನಂಬರು ಸಿಗುತ್ತದೆ. ಅದು ಕೇವಲ ರಸೀತಿ, ಪೇಟೆಂಟಲ್ಲ. ಪರೀಕ್ಷೆ ಮಾಡಿರೆಂದು ಬೇರೆಯೇ ಅರ್ಜಿ ಕೊಟ್ಟು, ಪರೀಕ್ಷಕರ ಆಕ್ಷೇಪಗಳಿಗೆ ಉತ್ತರ ಬರೆದು ಗೆದ್ದ ಮೇಲೆಯೇ ಹಕ್ಕು ಬರುವುದು. ತಿಳಿದ ಸಾಧನಗಳೆರಡನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಅವು ಮೊದಲಿನಂತೆಯೇ ತಮ್ಮ ತಮ್ಮ ಕೆಲಸವನ್ನು ಮಾಡುತ್ತಿದ್ದರೆ ಅದನ್ನು ಆವಿಷ್ಕಾರವೆಂದು ಕಾಯಿದೆಯು ಒಪ್ಪುವುದಿಲ್ಲ. ಸರಕಾರದ ಶುಲ್ಕವಾದರೋ ಅಷ್ಟೇನೂ ಭಾರಿಯಲ್ಲ: ವ್ಯಕ್ತಿಯೊಬ್ಬನು ಇಂಟರ್‌ನೆಟ್ಟಿನ ಮೂಲಕ ಹಾಕುವ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಯ ಅರ್ಜಿಗೆ 4,000 ರೂಪಾಯಿ. ಕ್ಲೇಮು ಬರೆಯುವುದು ನುರಿತವರ ಕೆಲಸವಾದುದರಿಂದ ಅವರ ಸಂಭಾವನೆ ಬೇರೆ. ಆದರೆ ಕೇಳುವವನು ಯಾವುದಕ್ಕೆ ಎಷ್ಟು ಕೇಳುತ್ತಿದ್ದಾನೆಂಬುದನ್ನು ಬರೆಯಿಸಿಕೊಳ್ಳುವುದು ನಮ್ಮ ಹಕ್ಕು. ಬರೆದುಕೊಡೆಂದು ಸೋದರಳಿಯನು ಕೇಳಿದ ಮೇಲೆ ಆ ಏಜೆಂಟನು ಫೋನು ಎತ್ತುವುದನ್ನೇ ನಿಲ್ಲಿಸಿದನಂತೆ.

ಇನ್ನು ಕಂಪನಿಗಳ ಮಾತು. ಇದರಲ್ಲಿ ನಮ್ಮ ಗುಮಾಸ್ತ ಬಂಧುಗಳು ಯಾರಿಗೂ ಕಡಮೆಯಲ್ಲ. ನೋಂದಾಯಿತವಾದ ಪ್ರತಿಯೊಂದು ಕಂಪನಿಗೂ 21 ಅಕ್ಷರಾಂಕಗಳ ಒಂದು ಗುರುತು ಇರುತ್ತದೆ. ಮೊದಲ ಅಕ್ಷರ ‘ಎಲ್’ ಆದರೆ ಷೇರುಪೇಟೆಯಲ್ಲಿದೆ, ‘ಯು’ ಆದರೆ ಇಲ್ಲ. ಬಳಿಕ ಐದು ಅಂಕಿಗಳು ಉದ್ಯೋಗದ ವರ್ಗ, ಎರಡಕ್ಷರ ರಾಜ್ಯ, ನಾಲ್ಕಂಕಿ ಹುಟ್ಟಿದ ವರ್ಷ, ಹೀಗೆ ಅದನ್ನು ಜಾತಕದಂತೆ ಓದಬಹುದು. ಕೇಂದ್ರ ಸರಕಾರದ ಕಂಪನಿ ವ್ಯವಹಾರಗಳ ಸಚಿವಾಲಯದ ಪುಟದಲ್ಲಿ ಹೆಸರು ಹಾಕಿದರೆ ಕಂಪನಿಯು ಬದುಕಿದೆಯೋ ಪಟ್ಟಿಯಿಂದ ತೆಗೆದುಹಾಕಲ್ಪಟ್ಟಿದೆಯೋ ಎಂಬುದೂ, ಷೇರು ಬಂಡವಾಳವೂ ತಿಳಿಯುತ್ತವೆ. ಅಲ್ಪ ಶುಲ್ಕ ಕೊಟ್ಟರೆ ಸಲ್ಲಿಸಿದ ಲೆಕ್ಕಪತ್ರಗಳನ್ನೇ ನೋಡಬಹುದು. ಮಾರಾಟ ಏರಿದೆಯೇ, ಮಾರದ ಸರಕು ಗೋದಾಮಿನಲ್ಲಿ ಬೆಳೆಯುತ್ತಿದೆಯೇ, ಬ್ಯಾಂಕಿನ ಸಾಲಕ್ಕೆ ಏನೇನು ಅಡವಿದೆ, ಇವು ಮೂರನ್ನು ನೋಡಿದರೆ ಜಾಹೀರಾತಿನ ಬಣ್ಣ ತಾನಾಗಿ ಕಳಚುತ್ತದೆ. ಉಲ್ಹಾಸನಗರದ ಸಣ್ಣ ಗಾಲಾಗಳಲ್ಲಿ ಅನೇಕವು ಕಂಪನಿಗಳಲ್ಲ, ಒಬ್ಬೊಬ್ಬರ ಸ್ವಂತ ವ್ಯವಹಾರಗಳು. ಅವುಗಳ ಲೆಕ್ಕ ಇಲ್ಲಿ ಸಿಗದು. ಬಿಲ್ಲಿನ ಮೇಲಿನ 15 ಅಕ್ಷರಾಂಕಗಳ ಜಿ.ಎಸ್.ಟಿ. ನಂಬರನ್ನು ಸರಕಾರದ ಪುಟದಲ್ಲಿ ಹಾಕಿ, ಅದು ಅದೇ ವ್ಯಕ್ತಿಯದೋ, ಚಾಲ್ತಿಯಲ್ಲಿದೆಯೋ ಎಂದು ನೋಡಬಹುದು. ಮಹಾರಾಷ್ಟ್ರದ್ದಾದರೆ ಅದು 27ರಿಂದ, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಮಾರುಕಟ್ಟೆಯ ಶೋಧನೆ. ಅದಕ್ಕೆ ಯಾವ ಸರಕಾರಿ ಪುಟವೂ ಇಲ್ಲ. 1960ರ ದಶಕದ ಮುಂಬಯಿಯಲ್ಲಿ ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರರು ಸೀಮೆನ್ಸ್ ಕಂಪನಿಯಲ್ಲಿದ್ದರು. ಅವರ ಪತ್ನಿಯ ಬಳಿಯಿದ್ದ ಜರ್ಮನ್ ಮಿಕ್ಸರು ನಮ್ಮ ಬೇಳೆ ಮಸಾಲೆಗಳ ಹೊಡೆತಕ್ಕೆ ಕೆಟ್ಟುಹೋಯಿತು. ಜರ್ಮನರ ಅಡುಗೆಮನೆಯಲ್ಲಿ ಅದು ಕೆಟ್ಟ ಯಂತ್ರವಲ್ಲ. ಅಲ್ಲಿ ಒಣಕೊಬ್ಬರಿಯನ್ನೂ ಒಣಮೆಣಸನ್ನೂ ಅರೆಯುವವರಿಲ್ಲ, ಅಷ್ಟೇ. ಅದಕ್ಕೆ ಬಲವಾದ ಮೋಟಾರು ಬೇಕೆಂದು ಕಂಡುಕೊಂಡು ಅವರು ಕಟ್ಟಿದ ಯಂತ್ರವೇ ಮುಂದೆ ಮನೆಮನೆಯ ಮಾತಾದ ‘ಸುಮೀತ್’. ಮಾಥುರರಿಗೆ ಮಾರುಕಟ್ಟೆಯ ವರದಿಯು ದೊರೆತದ್ದು ಕೆಟ್ಟು ನಿಂತ ಒಂದು ಮಿಕ್ಸರಿನಲ್ಲಿ.

ಈ ಕಥೆಯನ್ನು ಕೇಳಿದ ಭಟ್ಟರು ಬಹಳ ಹೊತ್ತು ಸುಮ್ಮನಿದ್ದು, ತಾವು ಎಂದೂ ನಮಗೆ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು. ಸಣ್ಣ ಹೊಟೇಲಿನ ಧಣಿಗೆ ಇಡೀ ಯಂತ್ರ ಬೇಕಾಗಿಲ್ಲ. ಗಿರಾಕಿಗಳ ನೂಕುನುಗ್ಗಲು ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು. ಉಳಿದ ವೇಳೆ ಯಂತ್ರ ಸುಮ್ಮನೆ ನಿಲ್ಲುವುದು. ಅದಕ್ಕೆ ಒಲೆಯ ಬಳಿ ಜಾಗವೂ ಇಲ್ಲ. ಬೇಸಗೆಯಲ್ಲಿ ಹಿಟ್ಟು ಹುಳಿಯೇರಿ ಉಬ್ಬುತ್ತದೆ, ಮಳೆಗಾಲದಲ್ಲಿ ಮಂದವಾಗಿಯೇ ಉಳಿಯುತ್ತದೆ. ಒಂದೇ ತೂತಿನಿಂದ ಎರಡೂ ಸಮನಾಗಿ ಇಳಿಯುವುದಿಲ್ಲ. ಯಂತ್ರ ತರಿಸಿದ ಪರಿಚಯದ ಒಂದು ಅಡುಗೆಮನೆಯಲ್ಲಿ ಆಳುಗಳು ಹಿಟ್ಟು ಕಟ್ಟಿದ ಕೊಳವೆಯನ್ನು ಕಡ್ಡಿ ಹಾಕಿ ಬಿಡಿಸುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಕಾಲೇಜು ಕಲಿತ ಇಂಜಿನಿಯರನಿಗೆ ಈ ಹುಳಿಯ ವಿಚಾರ ತಿಳಿಯಬೇಕಾದರೆ ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಲ್ಲಬೇಕು.

ಇಡೀ ಯಂತ್ರದ ಯೋಚನೆಯನ್ನು ಈಗ ಬದಿಗಿಟ್ಟಿದ್ದಾರೆ. ಹುಳಿಗೆ ತಕ್ಕಂತೆ ಬಾಯಿ ಹಿಗ್ಗಿಸುವ, ಕುಗ್ಗಿಸುವ, ಬಿಚ್ಚಿ ತೊಳೆಯಲು ಬರುವ ಹಿಟ್ಟಿನ ಕೊಳವೆಯೊಂದರ ಮೇಲೆ ಮನಸ್ಸಿಟ್ಟಿದ್ದಾರೆ. ಅದರಂಥದೇ ಹಳೆಯ ಪೇಟೆಂಟುಗಳನ್ನು ಸೋದರಳಿಯನು ರಾತ್ರಿ ಊಟದ ಬಳಿಕ ಒಂದೊಂದಾಗಿ ಓದಿ, ಕ್ಲೇಮುಗಳನ್ನು ಕನ್ನಡದಲ್ಲಿ ಬರೆದು ಮಾವನಿಗೆ ತೋರಿಸುತ್ತಾನೆ. ಹೊಸತೆಂದು ತೋರಿದರೆ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕುವ ವಿಚಾರವಿದೆ. ಅದಕ್ಕೆ ಪೂರ್ಣ ವಿವರಣೆ ಕೊಡಲು 12 ತಿಂಗಳ ಅವಧಿ ಸಿಗುತ್ತದೆ; ಮೀರಿದರೆ ಅರ್ಜಿ ಬಿದ್ದುಹೋಗುತ್ತದೆ. ಗಾಲಾದ ಟೋಕನು ಮರಳಿ ಬರಲಿಲ್ಲ. ವಾರದ ರಜೆಯ ದಿನ ಭಟ್ಟರು ಅಂಬರನಾಥದಿಂದ ಠಾಣೆಯವರೆಗಿನ ಹೊಟೇಲುಗಳಲ್ಲಿ ಒಂದೊಂದು ಸಾದಾ ದೋಸೆ ತಿಂದು, ಪರಿಚಯದ ಅಡುಗೆಯವರೊಡನೆ ಹಿಟ್ಟಿನ ವಿಚಾರ ಮಾತಾಡಿ, ಕೊಳವೆಯ ಮಾತನ್ನು ಮಾತ್ರ ಎತ್ತದೆ, ಹೊರಗೆ ಬಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಕಳೆದ ಸಲ ಬಂದಾಗ ಆ ಪುಸ್ತಕದ ಹದಿನಾಲ್ಕನೆಯ ಪುಟ ನಡೆದಿತ್ತು.