ಬೂಮ್ ಲಿಫ್ಟ್ ಹತ್ತೋ ಮುಂಚೆ ನೆಲ ನೋಡಿ

ಮಂಡಕಳ್ಳಿ ಏರ್‌ಪೋರ್ಟ್‌ನಂಥ ಬಯಲಲ್ಲಿ ಎತ್ತರದ ದೀಪ ರಿಪೇರಿಗೆ ಬೂಮ್ ಲಿಫ್ಟ್ ತಂದ್ರು ಅಂದ್ಕೊಳ್ಳಿ. ನಾವು ನೋಡೋದು ಮೇಲಿನ ಬುಟ್ಟಿಯನ್ನ, ಆದ್ರೆ ಅಪಾಯ ಚಕ್ರದ ಹತ್ರ ಶುರುವಾಗತ್ತೆ. ಚಕ್ರಗಳ ನಡುವೆ 2 ಮೀಟರ್, ಬುಟ್ಟಿ 16 ಮೀಟರ್ ಮೇಲೆ. ಆಗ ಗಾಡಿ ಸರಿಸಿ, ಒಂದು ಬದಿಯ ಚಕ್ರ 10 ಸೆಂ.ಮೀ. ಗುಂಡಿಗೆ ಇಳಿದ್ರೆ ಬುಟ್ಟಿ ಸುಮಾರು 80 ಸೆಂ.ಮೀ. ಪಕ್ಕಕ್ಕೆ ಹೋಗತ್ತೆ, ಒಂದೇ ಏಟಿಗೆ! ಒಳಗಿದ್ದವರು ಕವಣೆ ಕಲ್ಲಿನಂತೆ ಚಿಮ್ಮಬಹುದು. ಸುತ್ತ ಕಂಬಿ ಇದ್ರೂ ಹಾರ್ನೆಸ್ ಬೇಕು ಅನ್ನೋದು ಇದಕ್ಕೇ. ಅದರ ಹಗ್ಗ ಗಿಡ್ಡ ಇರಬೇಕು, ಕೊಕ್ಕೆ ಬುಟ್ಟಿಯಲ್ಲಿ ಅದಕ್ಕಂತಲೇ ಇರೋ ಕೊಂಡಿಗೇ ಹಾಕಬೇಕು. ಪಕ್ಕದ ದೀಪಕಂಬಕ್ಕೆ ಹಾಕಿ ಬುಟ್ಟಿ ಸರಿದ್ರೆ ಏನಾಗತ್ತೆ, ನೀವೇ ಯೋಚಿಸಿ.

ಹೊರಗೆ ಬಳಸೋ ಬಹಳಷ್ಟು ಯಂತ್ರಗಳಿಗೆ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದ್ರೆ ಗಂಟೆಗೆ 45 ಕಿ.ಮೀ. ಬುಟ್ಟಿಗೆ ಬ್ಯಾನರ್ ಕಟ್ಟಿದ್ರೆ ಅದು ದೋಣಿಯ ಹಾಯಿ ಥರ ಗಾಳಿ ಹಿಡಿಯತ್ತೆ (ಫೆಸ್ಟ್ ಕಮಿಟಿಯವರೇ, ಕೇಳಿಸ್ತಾ?). ಮೇಲಿದ್ದವರಿಗೆ ಪ್ರಜ್ಞೆ ತಪ್ಪಿದ್ರೆ ಕೆಳಗಿನ ಕಂಟ್ರೋಲ್‌ನಿಂದ ಇಳಿಸಬಹುದು. ಅದು ಗೊತ್ತಿರೋ ಒಬ್ರು ನೆಲದ ಮೇಲೇ ನಿಂತಿರಬೇಕು.